ರೆಫರಲ್ ಪತ್ರ, ಗ್ಯಾಪ್ ಹಣ ಮತ್ತು ವೆಸ್ಟ್ ಗೇಟ್ ಸೇತುವೆ

ಹೃದಯದಲ್ಲಿ ದೋಷವಿಲ್ಲ, ಥೈರಾಯ್ಡ್ ಸರಿಯಾಗಿದೆ, ರಕ್ತದೊತ್ತಡವೂ ವಯಸ್ಸಿಗೆ ತಕ್ಕಂತಿದೆ ಎಂದು ವೈದ್ಯರು ವರದಿಗಳನ್ನು ಒಂದೊಂದಾಗಿ ತೆರೆದು ತೋರಿಸಿದಾಗ ನನಗೆ ಸಮಾಧಾನಕ್ಕಿಂತ ಗೊಂದಲವೇ ಹೆಚ್ಚಾಯಿತು. ಮೆಲ್ಬರ್ನಿನ ಪಶ್ಚಿಮಕ್ಕಿರುವ ಪಾಯಿಂಟ್ ಕುಕ್‌ನಿಂದ ನಗರದ ಆಚೆಗಿನ ಕಚೇರಿಗೆ ಕಾರಿನಲ್ಲಿ ಹೋಗುವಾಗ, ವೆಸ್ಟ್ ಗೇಟ್ ಸೇತುವೆಯ ಏರು ಶುರುವಾಗುತ್ತಿದ್ದಂತೆ ಎದೆ ಹೊಡೆದುಕೊಳ್ಳುವುದು, ಬೆರಳುಗಳು ಜೋಮು ಹಿಡಿಯುವುದು, ಉಸಿರು ಸಾಲದೆ ಇನ್ನೇನು ಸ್ಟಿಯರಿಂಗ್ ಮೇಲೆ ಕುಸಿದುಬಿಡುತ್ತೇನೆ ಎನ್ನಿಸುವುದು, ಇವೆಲ್ಲ 2024ರ ಚಳಿಗಾಲದಲ್ಲಿ, ಅಂದರೆ ಇಲ್ಲಿನ ಜೂನ್ ಜುಲೈ ತಿಂಗಳುಗಳಲ್ಲಿ, ಮತ್ತೆ ಮತ್ತೆ ಆಗಿದ್ದವು. ನಲವತ್ತು ದಾಟಿದ ನಮ್ಮ ಕಡೆಯ ಗಂಡಸರು ಎದೆಯಲ್ಲಿ ಏನೇ ಆದರೂ ಮೊದಲು ನೆನೆಯುವುದು ಹೃದಯಾಘಾತವನ್ನು. ನಮ್ಮ ಮನೆತನದಲ್ಲಿ ಹಾಗೆ ಹೋದವರೂ ಇದ್ದಾರೆ. ಆದ್ದರಿಂದ ವೈದ್ಯರು "ಇದು ಪ್ಯಾನಿಕ್ ಅಟ್ಯಾಕ್‌ನಂತೆ ಕಾಣುತ್ತದೆ, ಮಾತ್ರೆಗೆ ಮೊದಲು ಸೈಕಾಲಜಿಸ್ಟ್ ಹತ್ತಿರ ಹೋಗಿ ನೋಡೋಣ" ಎಂದಾಗ ನಾನು ಹೂಂ ಎಂದೆನೇ ಹೊರತು ಅದರ ಹಿಂದೆ ಇಷ್ಟೊಂದು ಲೆಕ್ಕಾಚಾರ, ಹುಡುಕಾಟ ಮತ್ತು ಕಾಯುವಿಕೆ ಇದೆಯೆಂದು ತಿಳಿದಿರಲಿಲ್ಲ. ಇಲ್ಲಿಗೆ ಹೊಸದಾಗಿ ಬಂದಿರುವ ಕನ್ನಡಿಗರು ಆಗಾಗ ಈ ಬಗ್ಗೆ ಕೇಳುವುದರಿಂದ, ನಾನು ಹಾದುಬಂದ ದಾರಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮನಶ್ಶಾಸ್ತ್ರಜ್ಞರ ಭೇಟಿಗೆ ನೆರವು ನೀಡಲು ಆರಂಭಿಸಿದ್ದು 2006ರ ನವೆಂಬರಿನಲ್ಲಿ, 'ಬೆಟರ್ ಆ್ಯಕ್ಸೆಸ್' ಎಂಬ ಯೋಜನೆಯ ಮೂಲಕ. ಜಿಪಿ, ಅಂದರೆ ನಮ್ಮ ಸಾಮಾನ್ಯ ವೈದ್ಯರು, ರೋಗಿಯನ್ನು ಪರೀಕ್ಷಿಸಿ 'ಮೆಂಟಲ್ ಹೆಲ್ತ್ ಟ್ರೀಟ್‌ಮೆಂಟ್ ಪ್ಲ್ಯಾನ್' ಎಂಬ ಚಿಕಿತ್ಸಾ ಯೋಜನೆಯನ್ನು ಬರೆದು ರೆಫರಲ್ ಕೊಟ್ಟರೆ, ಒಂದು ಕ್ಯಾಲೆಂಡರ್ ವರ್ಷದಲ್ಲಿ 10 ವೈಯಕ್ತಿಕ ಭೇಟಿಗಳಿಗೆ ಮೆಡಿಕೇರ್ ನಿಗದಿತ ಮೊತ್ತವನ್ನು ಹಿಂದಿರುಗಿಸುತ್ತದೆ. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಿಂದ, ಈ ಮಿತಿಯನ್ನು 20ಕ್ಕೆ ಏರಿಸಿದ್ದರು. 2022ರ ಕೊನೆಯ ದಿನಕ್ಕೆ ಆ ಹೆಚ್ಚುವರಿ ಹತ್ತನ್ನು ನಿಲ್ಲಿಸಿದರು. ಹಳೆಯ ನೆನಪಿನಲ್ಲಿ "ಇಪ್ಪತ್ತು ಸಿಗುತ್ತವಲ್ಲ" ಎನ್ನುವವರು ಈಗಲೂ ಇದ್ದಾರೆ, ಅವರ ಮಾತನ್ನು ನಂಬಿ ಖರ್ಚಿನ ಅಂದಾಜು ಹಾಕಬಾರದು. ನೋಂದಾಯಿತ ಮನಶ್ಶಾಸ್ತ್ರಜ್ಞರಲ್ಲದೆ, ಅರ್ಹತೆಯುಳ್ಳ ಸೋಷಿಯಲ್ ವರ್ಕರ್‌ಗಳು ಮತ್ತು ಆಕ್ಯುಪೇಷನಲ್ ಥೆರಪಿಸ್ಟ್‌ಗಳೂ ಈ ಯೋಜನೆಯಡಿ ಚಿಕಿತ್ಸೆ ನೀಡಬಹುದು. ಆದರೆ ವೈದ್ಯರು ಗುರುತಿಸಿದ ಒಂದು ಮಾನಸಿಕ ತೊಂದರೆ ಇರಲೇಬೇಕು. ಗಂಡಹೆಂಡಿರ ಜಗಳವನ್ನು ಬಗೆಹರಿಸಿಕೊಳ್ಳಲೆಂದು ಮಾತ್ರ ಹೋಗುವ ದಂಪತಿ ಸಮಾಲೋಚನೆ ಇದರಲ್ಲಿ ಬರುವುದಿಲ್ಲ.

ಯಾವ ವೈದ್ಯರ ಬಳಿ ಈ ವಿಷಯ ತೆಗೆಯಬೇಕೆಂಬುದೇ ನನಗೆ ಮೊದಲ ಸಮಸ್ಯೆಯಾಗಿತ್ತು. ನಮ್ಮ ಕುಟುಂಬದ ವೈದ್ಯರು ಕನ್ನಡದವರು, ಸಂಘದ ಯುಗಾದಿ ಊಟದಲ್ಲಿ ಒಂದೇ ಸಾಲಿನಲ್ಲಿ ಕೂತವರು, ಅವರ ಮಗಳು ಮತ್ತು ನನ್ನ ಮಗಳು ಒಂದೇ ಭರತನಾಟ್ಯದ ತರಗತಿಗೆ ಹೋಗುವವರು. ವೈದ್ಯರು ರೋಗಿಯ ವಿಷಯವನ್ನು ಹೊರಗೆ ಆಡುವಂತಿಲ್ಲವೆಂಬುದು ಕಾನೂನು. ಅವರು ಆಡುವವರೂ ಅಲ್ಲ. ಹಾಗಿದ್ದರೂ ಮುಂದಿನ ಹಬ್ಬದಲ್ಲಿ ಅವರು ನನಗೆ ಒಬ್ಬಟ್ಟು ಬಡಿಸುವಾಗ ನನ್ನ ಎದೆಬಡಿತದ ಲೆಕ್ಕ ಅವರ ತಲೆಯಲ್ಲಿರುತ್ತದೆ ಎಂಬ ಯೋಚನೆ ನನಗೆ ಸಹ್ಯವಾಗಲಿಲ್ಲ. ಇಸಿಜಿ, ರಕ್ತಪರೀಕ್ಷೆಗಳಿಂದ ಹಿಡಿದು ಎಲ್ಲವನ್ನೂ ನಾನು ಅದೇ ಕ್ಲಿನಿಕ್ಕಿನ ಬೇರೊಬ್ಬ ವೈದ್ಯೆಯ ಬಳಿ ಮಾಡಿಸಿಕೊಂಡೆ. ಹಳೆಯ ದಾಖಲೆಗಳೆಲ್ಲ ಅಲ್ಲೇ ಇದ್ದುದರಿಂದ ಮೊದಲಿನಿಂದ ಎಲ್ಲವನ್ನೂ ಹೇಳುವ ತಾಪತ್ರಯವಿರಲಿಲ್ಲ. ಇದು ಅತಿಯಾದ ಸಂಕೋಚವೆಂದು ಯಾರಾದರೂ ನಗಬಹುದು. ಸಣ್ಣ ಸಮುದಾಯದಲ್ಲಿ ಬದುಕುವವರಿಗೆ ಅದು ಅರ್ಥವಾಗುತ್ತದೆ.

ಫೋನಿನಲ್ಲಿ ಸಮಯ ಕೇಳಿದಾಗ ರಿಸೆಪ್ಷನಿಸ್ಟ್ "ಮೆಂಟಲ್ ಹೆಲ್ತ್ ಪ್ಲ್ಯಾನ್‌ಗೆ ಲಾಂಗ್ ಅಪಾಯಿಂಟ್‌ಮೆಂಟ್ ಬೇಕು" ಎಂದು ತಾನೇ ಹೇಳಿ ಹಾಗೆಯೇ ಗುರುತು ಹಾಕಿಕೊಂಡಳು. ಈ ಯೋಜನೆಯನ್ನು ಬರೆಯಲು ವೈದ್ಯರು ರೋಗಿಯೊಡನೆ ಕನಿಷ್ಠ 20 ನಿಮಿಷ ಕಳೆಯಬೇಕೆಂಬ ನಿಯಮವಿರುವುದರಿಂದ, ಹತ್ತು ನಿಮಿಷದ ಸಾಮಾನ್ಯ ಭೇಟಿಯಲ್ಲಿ ಇದು ಮುಗಿಯುವ ಕೆಲಸವಲ್ಲ. ಅಂದು ವೈದ್ಯೆ ಮೊದಲು ಕೆ10 ಎಂಬ ಪ್ರಶ್ನಾವಳಿಯನ್ನು ಕೊಟ್ಟರು. ಕಳೆದ ನಾಲ್ಕು ವಾರಗಳಲ್ಲಿ ಕಾರಣವಿಲ್ಲದೆ ದಣಿವಾಗಿತ್ತೇ, ಏನು ಮಾಡಿದರೂ ತಣಿಯದ ಕಳವಳವಿತ್ತೇ, ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆಯಿತ್ತೇ ಎಂಬಂಥ ಹತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ 'ಎಂದೂ ಇಲ್ಲ' ಎಂಬುದರಿಂದ 'ಯಾವಾಗಲೂ' ಎಂಬುದರವರೆಗೆ ಐದು ಉತ್ತರಗಳು. ಒಟ್ಟು ಅಂಕ 10ರಿಂದ 50ರ ನಡುವೆ. "ಹೇಗಿದ್ದೀರಿ" ಎಂದು ಯಾರು ಕೇಳಿದರೂ "ಪರವಾಗಿಲ್ಲ, ನಡೀತಿದೆ" ಎಂದೇ ಹೇಳಿ ಬೆಳೆದ ನಮಗೆ ಇಂಥ ಕಾಗದದ ಮೇಲೆ ಎಡಗಡೆಯ ಮನೆಗಳಿಗೇ ಗುರುತು ಹಾಕುವ ಚಾಳಿ ಸಹಜವಾಗಿ ಬಂದಿರುತ್ತದೆ. ವೈದ್ಯೆ ಅಂಕವನ್ನು ನೋಡಿ ಸುಮ್ಮನಾಗಲಿಲ್ಲ. ಇತ್ತೀಚೆಗೆ ಕಚೇರಿಗೆ ಹೇಗೆ ಹೋಗುತ್ತಿದ್ದೀರಿ, ಮಗಳನ್ನು ನಗರಕ್ಕೆ ಕರೆದೊಯ್ಯುವುದು ಯಾರು, ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಕುಡಿಯುವುದು ಹೆಚ್ಚಾಗಿದೆಯೇ, ಬದುಕು ಸಾಕು ಎನ್ನಿಸಿದ್ದುಂಟೇ ಎಂದು ಒಂದೊಂದಾಗಿ, ಆತುರವಿಲ್ಲದೆ ಕೇಳಿದರು. ವಿಲಿಯಮ್ಸ್ ಲ್ಯಾಂಡಿಂಗ್ ನಿಲ್ದಾಣದಲ್ಲಿ ಕಾರು ನಿಲ್ಲಿಸಿ ರೈಲು ಹಿಡಿಯುತ್ತಿದ್ದೇನೆ, ಕಾರನ್ನೇ ಒಯ್ಯಬೇಕಾದ ದಿನ ಫುಟ್‌ಸ್ಕ್ರೇ ಮೂಲಕ ಸುತ್ತಿಕೊಂಡು ಹೋಗುತ್ತೇನೆ ಎಂದು ನಾನು ಹೇಳಿದ್ದನ್ನು ಅವರು ಅಂಕಕ್ಕಿಂತ ಮುಖ್ಯವೆಂಬಂತೆ ಬರೆದುಕೊಂಡರು.

ಕೊನೆಗೆ ನನ್ನ ಕೈಗೆ ಬಂದದ್ದು ಎರಡು ಕಾಗದಗಳು. ಒಂದು, ತೊಂದರೆ ಏನು, ಗುರಿ ಏನು, ಬಿಕ್ಕಟ್ಟಾದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೊಳಗೊಂಡ ಯೋಜನೆ. ಇನ್ನೊಂದು, ಮೊದಲ ಆರು ಭೇಟಿಗಳಿಗೆ ರೆಫರಲ್ ಪತ್ರ. ಹತ್ತನ್ನೂ ಒಂದೇ ಪತ್ರದಲ್ಲಿ ಬರೆಯುವಂತಿಲ್ಲ. ಆರು ಮುಗಿದ ಮೇಲೆ ವೈದ್ಯರನ್ನು ಮತ್ತೆ ಕಂಡು ಉಳಿದವಕ್ಕೆ ಹೊಸ ರೆಫರಲ್ ಪಡೆಯಬೇಕು. ಪತ್ರದಲ್ಲಿ ಇಂಥ ಮನಶ್ಶಾಸ್ತ್ರಜ್ಞರೇ ಎಂದು ಹೆಸರಿರಬೇಕೆಂದಿಲ್ಲ, ಹೆಸರಿದ್ದರೂ ಬೇರೆಯವರ ಬಳಿ ಹೋಗಲು ಅಡ್ಡಿಯಿಲ್ಲ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ವೈದ್ಯೆ ಸೂಚಿಸಿದ ಮೊದಲ ಕಡೆ ಫೋನ್ ಮಾಡಿದಾಗ "ನಮ್ಮ ಬುಕ್ಸ್ ಕ್ಲೋಸ್ ಆಗಿವೆ" ಎಂಬ ಉತ್ತರ ಬಂತು. ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ ಎಂಬುದನ್ನು ಇಲ್ಲಿ ಹೀಗೆ ಹೇಳುತ್ತಾರೆ. ಇನ್ನೊಂದು ಕಡೆ ಹೆಸರು ಬರೆದುಕೊಂಡು ಮರಳಿ ಕರೆ ಮಾಡಲೇ ಇಲ್ಲ. ಮತ್ತೊಂದು ಕಡೆ ವಾರದ ನಡುವೆ ಹಗಲು ಹನ್ನೊಂದಕ್ಕೆ ಮಾತ್ರ ಜಾಗವಿತ್ತು. ಪತ್ರ ಹಿಡಿದು ಕ್ಲಿನಿಕ್‌ಗಳನ್ನು ಹುಡುಕುವುದಕ್ಕಿಂತ, ಜಾಗವಿರುವ ಮನಶ್ಶಾಸ್ತ್ರಜ್ಞರನ್ನು ಮೊದಲೇ ಗೊತ್ತುಮಾಡಿಕೊಂಡು, ಅವರ ಹೆಸರಿನೊಂದಿಗೆ ವೈದ್ಯರ ಬಳಿ ಹೋಗುವುದು ಲೇಸೆಂದು ನಾನೀಗ ಕೇಳಿದವರಿಗೆಲ್ಲ ಹೇಳುತ್ತೇನೆ. ಆಸ್ಟ್ರೇಲಿಯನ್ ಸೈಕಲಾಜಿಕಲ್ ಸೊಸೈಟಿಯ ಹುಡುಕುವ ಪುಟದಲ್ಲಿ ಊರು, ತೊಂದರೆ, ಭಾಷೆ ಎಲ್ಲವನ್ನೂ ಆರಿಸಿಕೊಳ್ಳಬಹುದು. ಹೆಸರು ಸಿಕ್ಕ ಮೇಲೆ ಆಫ್ರಾ ಎಂಬ ನೋಂದಣಿ ಸಂಸ್ಥೆಯ ಪಟ್ಟಿಯಲ್ಲಿ ಅದನ್ನು ನೋಡಿಕೊಳ್ಳಬೇಕು, ಏಕೆಂದರೆ 'ಸೈಕಾಲಜಿಸ್ಟ್' ಎಂದು ಕರೆದುಕೊಳ್ಳಲು ಇಲ್ಲಿ ನೋಂದಣಿ ಕಡ್ಡಾಯ, 'ಕೌನ್ಸೆಲರ್' ಎಂದು ಮಾತ್ರ ಯಾರು ಬೇಕಾದರೂ ಕರೆದುಕೊಳ್ಳಬಹುದು. ಕನ್ನಡ ಬಲ್ಲವರು ನನಗೆ ಸಿಗಲಿಲ್ಲ. ವಿಡಿಯೊ ಮೂಲಕ ನಡೆಯುವ ಭೇಟಿಗಳಿಗೂ ಮೆಡಿಕೇರ್ ನೆರವು ಇರುವುದರಿಂದ ಸಿಡ್ನಿಯವರನ್ನೋ ಬ್ರಿಸ್ಬೇನಿನವರನ್ನೋ ಹಿಡಿಯಬಹುದಿತ್ತು. ಆದರೆ ನನ್ನ ತೊಂದರೆ ಕಾರಿನೊಳಗಿನದಾದ್ದರಿಂದ ಹತ್ತಿರದವರೇ ಬೇಕೆನ್ನಿಸಿತು.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ 'ಮೆಡಿಕೇರ್ ಕೊಡುತ್ತದೆ' ಎಂದರೆ 'ಪುಕ್ಕಟೆ' ಎಂದು ಬಗೆಯುವವರೇ ಹೆಚ್ಚು. ಮೆಡಿಕೇರ್ ಹಿಂದಿರುಗಿಸುವುದು ತಾನು ನಿಗದಿಪಡಿಸಿದ ದರದ ನೂರಕ್ಕೆ 85ರಷ್ಟನ್ನು. ಮನಶ್ಶಾಸ್ತ್ರಜ್ಞರು ಎಷ್ಟು ಶುಲ್ಕ ಹಾಕಬೇಕೆಂಬುದು ಅವರ ಇಷ್ಟ. 2024ರ ಜುಲೈನಿಂದ ಒಂದು ವರ್ಷದವರೆಗೆ, 50 ನಿಮಿಷದ ಭೇಟಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ 141.85 ಡಾಲರ್, ಇತರ ನೋಂದಾಯಿತ ಸೈಕಾಲಜಿಸ್ಟ್ ಆಗಿದ್ದರೆ 96.65 ಡಾಲರ್ ಹಿಂದಕ್ಕೆ ಬರುತ್ತಿತ್ತು. ನಾನು ವಿಚಾರಿಸಿದವರಲ್ಲಿ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ 270 ಡಾಲರ್ ಹೇಳಿದರು, ಇನ್ನೊಬ್ಬ ನೋಂದಾಯಿತ ಸೈಕಾಲಜಿಸ್ಟ್ 220 ಎಂದರು. ಮೇಲ್ನೋಟಕ್ಕೆ ಎರಡನೆಯವರು 50 ಡಾಲರ್ ಅಗ್ಗ. ಗ್ಯಾಪ್, ಅಂದರೆ ಶುಲ್ಕದಲ್ಲಿ ಮೆಡಿಕೇರ್ ಪಾಲು ಕಳೆದು ಉಳಿಯುವ ಹಣದ ಲೆಕ್ಕ ಹಾಕಿದರೆ ಮೊದಲಿನವರಿಗೆ ನನ್ನ ಕೈಯಿಂದ ಹೋಗುವುದು 128.15, ಎರಡನೆಯವರಿಗೆ 123.35, ಅಂದರೆ ಐದು ಡಾಲರಿನ ವ್ಯತ್ಯಾಸವೂ ಇಲ್ಲ. ಪೂರ್ತಿ ಬಲ್ಕ್ ಬಿಲ್ ಮಾಡುವ, ಅಂದರೆ ರೋಗಿಯಿಂದ ಏನನ್ನೂ ಕೇಳದ ಮನಶ್ಶಾಸ್ತ್ರಜ್ಞರೂ ಇದ್ದಾರೆ, ಆದರೆ ಅವರಿಗಾಗಿ ಕಾಯಬೇಕಾದ ಕಾಲ ಇನ್ನೂ ದೀರ್ಘ. ಖಾಸಗಿ ವಿಮೆಯ ಎಕ್ಸ್‌ಟ್ರಾಸ್‌ನಲ್ಲಿ, ಅಂದರೆ ಆಸ್ಪತ್ರೆಯ ಹೊರಗಿನ ಸೇವೆಗಳ ಭಾಗದಲ್ಲಿ, ಸೈಕಾಲಜಿ ಇದ್ದರೂ ಒಂದೇ ಭೇಟಿಗೆ ಮೆಡಿಕೇರ್ ಮತ್ತು ವಿಮೆ ಎರಡನ್ನೂ ಪಡೆಯುವಂತಿಲ್ಲ. ಮೊದಲು ಪೂರ್ತಿ ಹಣ ಕಟ್ಟಬೇಕು, ಆಮೇಲೆ ಮೆಡಿಕೇರ್ ಪಾಲು ಬ್ಯಾಂಕ್ ಖಾತೆಗೆ ಬೀಳುತ್ತದೆ. ತಿಂಗಳ ಕೊನೆಯಲ್ಲಿ ಕೈ ಬಿಗಿಯಿರುವವರು ಇದನ್ನೂ ಗಮನದಲ್ಲಿಡಬೇಕು. ತಡವಾಗಿ ರದ್ದು ಮಾಡಿದರೆ ಕ್ಲಿನಿಕ್ ಹಾಕುವ ದಂಡಕ್ಕೆ ಮೆಡಿಕೇರ್ ಬಿಡಿಗಾಸೂ ಕೊಡುವುದಿಲ್ಲ. ನೆರವು ಹೆಚ್ಚಾಗಿ ಬೇಕಾದವರಿಗಿಂತ ಗ್ಯಾಪ್ ಕಟ್ಟಬಲ್ಲವರಿಗೇ ಈ ಯೋಜನೆ ಹೆಚ್ಚು ದಕ್ಕುತ್ತಿದೆ ಎಂದು 2022ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಸರ್ಕಾರಕ್ಕಾಗಿ ಮಾಡಿದ ಮೌಲ್ಯಮಾಪನವೂ ಎತ್ತಿ ಹೇಳಿತ್ತು. ನನ್ನಂಥ ಸಂಬಳದಾರನಿಗೂ ತಿಂಗಳಿಗೆ ಎರಡು ಭೇಟಿ ಭಾರವೆನ್ನಿಸಿದ ಮೇಲೆ ಅದನ್ನು ಒಪ್ಪಲು ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೊದಲ ಭೇಟಿಯಲ್ಲಿ ಬಾಲ್ಯ, ತಂದೆತಾಯಿ ಎಂದೆಲ್ಲ ಕೆದಕುತ್ತಾರೆಂದು ಅಂಜಿದ್ದೆ. ನನಗೆ ಸಿಕ್ಕ ಮನಶ್ಶಾಸ್ತ್ರಜ್ಞೆ ಕುಟುಂಬದ ಬಗ್ಗೆ ಕೇಳಿದರು, ನಿಜ, ಆದರೆ ಹೆಚ್ಚಿನ ಹೊತ್ತು ಹೋದದ್ದು ಬಿಳಿ ಹಲಗೆಯ ಮೇಲೆ ಬರೆದ ಒಂದು ಚಕ್ರಕ್ಕೆ. ಸೇತುವೆ ಕಂಡೊಡನೆ ಭಯ. ಭಯಕ್ಕೆ ಉಸಿರು ಜೋರಾಗುತ್ತದೆ. ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ಬೆರಳು ಜೋಮು ಹಿಡಿಯುತ್ತದೆ, ತಲೆ ಹಗುರಾಗುತ್ತದೆ. ಆ ಜೋಮನ್ನೇ ಹೃದಯಾಘಾತದ ಸೂಚನೆಯೆಂದು ಮನಸ್ಸು ಓದಿಕೊಳ್ಳುತ್ತದೆ. ಭಯ ಇನ್ನಷ್ಟು ಏರುತ್ತದೆ. ನಾನು ರೈಲು ಹಿಡಿದಾಗ, ಫುಟ್‌ಸ್ಕ್ರೇ ಸುತ್ತಿದಾಗ ಸಿಗುವ ನಿರಾಳವೇ 'ಸೇತುವೆಗೆ ಹೋಗದ್ದರಿಂದ ಬದುಕಿದೆ' ಎಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತದೆ ಎಂದು ಅವರು ವಿವರಿಸಿದಾಗ, ವೈದ್ಯೆ ಆ ಸುತ್ತುದಾರಿಯನ್ನು ಏಕೆ ಬರೆದುಕೊಂಡರೆಂಬುದು ತಿಳಿಯಿತು. ಮುಂದಿನ ಭೇಟಿಗಳಲ್ಲಿ ಕುರ್ಚಿಯಲ್ಲಿ ಕೂತು ಬೇಕೆಂದೇ ಒಂದು ನಿಮಿಷ ಜೋರಾಗಿ ಉಸಿರಾಡಿಸಿದರು, ತಿರುಗುವ ಕುರ್ಚಿಯಲ್ಲಿ ಗರಗರನೆ ತಿರುಗಿಸಿದರು. ಸೇತುವೆಯ ಮೇಲೆ ಬರುವ ಅದೇ ಜೋಮು, ಅದೇ ತಲೆಸುತ್ತು ನೆಲದ ಮೇಲೆ, ನಾಲ್ಕು ಗೋಡೆಯ ನಡುವೆ ಬಂದವು, ಸ್ವಲ್ಪ ಹೊತ್ತಿನಲ್ಲಿ ತಾವಾಗಿ ಹೋದವು. ಡಾಲರ್ ಕೊಟ್ಟು ತಲೆಸುತ್ತು ತರಿಸಿಕೊಳ್ಳುವ ನನ್ನ ಸ್ಥಿತಿಗೆ ನಾನೇ ನಕ್ಕೆ, ಅವರೂ ನಕ್ಕರು.

ಕಾರಿನಲ್ಲಿ ನಾನು ಇಟ್ಟುಕೊಳ್ಳುವ ರಕ್ಷಣೆಗಳನ್ನೆಲ್ಲ ಪಟ್ಟಿ ಮಾಡಲು ಹೇಳಿದ್ದರು: ನೀರಿನ ಬಾಟಲಿ, ಸ್ಪೀಕರಿನಲ್ಲಿ ಹೆಂಡತಿಯ ಕರೆ, ಅಂಚಿನಿಂದ ದೂರದ ಲೇನ್, ಮತ್ತು ಸೇತುವೆಗೆ ಮುಂಚೆ ಹಚ್ಚುವ ವಿಷ್ಣು ಸಹಸ್ರನಾಮ. ಕೊನೆಯದನ್ನು ಹೇಳಲು ಹಿಂಜರಿದೆ, ಇದನ್ನೂ ಬಿಡಿ ಎಂದು ಬಿಟ್ಟರೆ ಎದ್ದು ಬಂದುಬಿಡುತ್ತಿದ್ದೆನೇನೋ. ಅವರು ಕೇಳಿದ್ದು ಒಂದೇ ಮಾತು: "ಇದನ್ನು ಇಷ್ಟಪಟ್ಟು ಕೇಳುತ್ತೀರೋ, ಕೇಳದಿದ್ದರೆ ಏನಾದರೂ ಆಗುತ್ತದೆಂದು ಕೇಳುತ್ತೀರೋ?" ಮನೆಯಲ್ಲಿ ಬೆಳಿಗ್ಗೆ ಕೇಳುವುದು ಇಷ್ಟಪಟ್ಟು, ಕಾರಿನಲ್ಲಿ ಕೇಳುವುದು ಹೆದರಿ ಎಂದು ನಾನೇ ಉತ್ತರಿಸಿದೆ. ಮನೆಯದು ಹಾಗೇ ಉಳಿಯಿತು, ಕಾರಿನದು ಕೆಲವು ವಾರ ನಿಂತಿತು. ಆಮೇಲೆ ಮೆಟ್ಟಿಲುಗಳ ಹಾಗೆ ಒಂದು ಕ್ರಮ ಹಾಕಿಕೊಟ್ಟರು. ಭಾನುವಾರದ ಮುಂಜಾನೆ ಹೆಂಡತಿ ಓಡಿಸುವಾಗ ಪಕ್ಕದಲ್ಲಿ ಕೂರುವುದು, ಅವಳನ್ನು ಕೂರಿಸಿಕೊಂಡು ನಾನೇ ಓಡಿಸುವುದು, ಒಬ್ಬನೇ ಹೋಗಿಬರುವುದು, ಅಂಚಿನ ಲೇನ್‌ನಲ್ಲಿ ಹೋಗುವುದು, ಕೊನೆಗೆ ವಾರದ ದಿನದ ದಟ್ಟಣೆಯಲ್ಲಿ ಸಿಕ್ಕಿಕೊಂಡು ತೆವಳುವುದು. ಭಯ ಇಳಿದ ಮೇಲೆ ಹೊರಡಬಾರದು, ಭಯವಿರುವಾಗಲೇ ಹೊರಡಬೇಕು ಎಂಬುದು ಅವರ ಕಟ್ಟಪ್ಪಣೆ. ಒಂದು ಭೇಟಿಗೆ ಹೆಂಡತಿಯೂ ಬಂದಳು. ಕುಟುಂಬದವರಿಗೆ ಮಾತ್ರವೇ ಮೀಸಲಾಗಿ, ರೋಗಿಯ ಒಪ್ಪಿಗೆಯೊಡನೆ, ವರ್ಷಕ್ಕೆ ಎರಡು ಭೇಟಿಗಳನ್ನು ಬಳಸುವ ಅವಕಾಶ 2023ರ ಮಾರ್ಚಿನಿಂದ ಇದೆ, ಆದರೆ ಅವೂ ಅದೇ ಹತ್ತರಲ್ಲಿ ಕಳೆಯುವುದರಿಂದ ನಾವು ಒಟ್ಟಿಗೇ ಕೂತೆವು. "ರೀ, ನೀವು ಫೋನ್ ಮಾಡಿದಾಗಲೆಲ್ಲ ನಾನು ಮೀಟಿಂಗ್ ಬಿಟ್ಟು ಎದ್ದು ಹೋಗ್ತಿದ್ದೆ" ಎಂದು ಅವಳು ಅಲ್ಲಿ ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತಿರದ ವಿಷಯ.

ಹಾಸನದಲ್ಲಿರುವ ಅಮ್ಮನಿಗೆ ಹೇಳುವುದೋ ಬೇಡವೋ ಎಂದು ಬಹಳ ದಿನ ತಡೆದೆ. ಹೇಳಿದಾಗ "ನಿಮ್ಹಾನ್ಸ್‌ಗೆ ಹೋಗೋವಂಥದ್ದು ಏನಾಯ್ತಪ್ಪ ನಿಂಗೆ?" ಎಂದು ಗಾಬರಿಯಾದಳು. ಅವಳ ಕಾಲದಲ್ಲಿ ಮನಸ್ಸಿನ ವೈದ್ಯವೆಂದರೆ ಬೆಂಗಳೂರಿನ ಆ ಒಂದು ಆಸ್ಪತ್ರೆ, ಅದೂ ಕೈಮೀರಿದ ಮೇಲೆ. ಇಲ್ಲಿ ಕಾಲು ಉಳುಕಿದರೆ ಫಿಸಿಯೋ ಬಳಿ ಕಳಿಸುವಷ್ಟೇ ಸಲೀಸಾಗಿ ಜಿಪಿ ಕಳಿಸುತ್ತಾರೆ ಎಂದು ವಿವರಿಸಿದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ, ಈಗ ಫೋನಿನಲ್ಲಿ ಸೇತುವೆಯ ಸಮಾಚಾರವನ್ನು ಮಾತ್ರ ತಪ್ಪದೆ ಕೇಳುತ್ತಾಳೆ.

ಆರನೆಯ ಭೇಟಿಯ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಮನಶ್ಶಾಸ್ತ್ರಜ್ಞೆ ನಿಯಮದಂತೆ ವೈದ್ಯೆಗೆ ವರದಿ ಕಳಿಸಿದರು, ವೈದ್ಯೆ ನನ್ನನ್ನು ಕಂಡು ಉಳಿದ ನಾಲ್ಕಕ್ಕೆ ರೆಫರಲ್ ಬರೆದರು. ವರ್ಷ ತಿರುಗುವಾಗ ಎರಡು ಲೆಕ್ಕಗಳು ಒಟ್ಟಿಗೆ ಬದಲಾಗುತ್ತವೆ, ಇದು ಹಲವರಿಗೆ ತಿಳಿದಿರುವುದಿಲ್ಲ. ಜನವರಿ 1ಕ್ಕೆ ಹತ್ತು ಭೇಟಿಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಹಳೆಯ ರೆಫರಲ್‌ನಲ್ಲಿ ಉಳಿದವನ್ನು ಬಳಸಬಹುದು, ಅವು ಹೊಸ ವರ್ಷದ ಹತ್ತರಲ್ಲಿ ಸೇರುತ್ತವೆ, ಅದಕ್ಕೆ ಹೊಸ ಯೋಜನೆ ಬರೆಸಬೇಕಿಲ್ಲ. ಆದರೆ ಅದೇ ದಿನ ಮೆಡಿಕೇರ್ ಸೇಫ್ಟಿ ನೆಟ್‌ನ ಲೆಕ್ಕವೂ ಸೊನ್ನೆಗೆ ಇಳಿಯುತ್ತದೆ. ವರ್ಷದೊಳಗೆ ಆಸ್ಪತ್ರೆಯ ಹೊರಗಿನ ಚಿಕಿತ್ಸೆಗೆ ನಾವು ಕೈಯಿಂದ ಕಟ್ಟಿದ ಗ್ಯಾಪ್ ಒಂದು ಮಿತಿಯನ್ನು ಮುಟ್ಟಿದರೆ (2025ಕ್ಕೆ ಸಾಮಾನ್ಯ ಕುಟುಂಬಕ್ಕೆ ಅದು 2,600 ಡಾಲರಿಗಿಂತ ತುಸು ಹೆಚ್ಚಿತ್ತು), ಆಮೇಲಿನ ಗ್ಯಾಪ್‌ನ ಬಹುಪಾಲನ್ನು ಮೆಡಿಕೇರ್ ಹೊರುತ್ತದೆ. ಕುಟುಂಬದವರೆಲ್ಲರ ಖರ್ಚು ಒಂದೇ ಲೆಕ್ಕಕ್ಕೆ ಸೇರಬೇಕಾದರೆ ಮೊದಲೇ ಕುಟುಂಬವಾಗಿ ನೋಂದಾಯಿಸಿರಬೇಕು. ಮಗಳಿಗೆ ಚರ್ಮದ ತಜ್ಞರು, ಹೆಂಡತಿಗೆ ಸ್ಕ್ಯಾನ್ ಎಂದು ಖರ್ಚುಗಳಿದ್ದ ನಮಗೆ, ಜನವರಿಯ ನಂತರವೇ ಉಳಿದ ಭೇಟಿಗಳನ್ನು ಇಟ್ಟುಕೊಂಡದ್ದು ಅನುಕೂಲವಾಯಿತು.

ನಾನು ಹೋದ ಕಾಲಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. 2025ರ ನವೆಂಬರ್ 1ರಿಂದ, ಈ ಯೋಜನೆಯನ್ನು ಬರೆದು ರೆಫರಲ್ ಕೊಡುವವರು ರೋಗಿ 'ಮೈಮೆಡಿಕೇರ್' ನೋಂದಣಿ (ತನ್ನ ಖಾಯಂ ಕ್ಲಿನಿಕ್ ಇದೆಂದು ಮೆಡಿಕೇರ್‌ನಲ್ಲಿ ದಾಖಲಿಸುವುದು) ಮಾಡಿಸಿಕೊಂಡ ಕ್ಲಿನಿಕ್ಕಿನ ವೈದ್ಯರಾಗಿರಬೇಕು ಅಥವಾ ಅವರನ್ನು ಮಾಮೂಲಾಗಿ ನೋಡುವ ವೈದ್ಯರಾಗಿರಬೇಕು. ಯೋಜನೆಯ ಮರುಪರಿಶೀಲನೆಗೆಂದೇ ಇದ್ದ ಪ್ರತ್ಯೇಕ ಮೆಡಿಕೇರ್ ಬಿಲ್ ಸಂಖ್ಯೆಗಳನ್ನು ತೆಗೆದು, ಅದನ್ನು ಸಾಮಾನ್ಯ ಭೇಟಿಯಾಗಿಯೇ ಲೆಕ್ಕ ಹಿಡಿಯುತ್ತಾರೆ. ಆನ್‌ಲೈನ್‌ನಲ್ಲಿ ಹದಿನೈದು ನಿಮಿಷದಲ್ಲಿ ಪ್ಲ್ಯಾನ್ ಬರೆದುಕೊಡುತ್ತೇವೆ ಎಂಬ ಜಾಹೀರಾತುಗಳ ಹಿಂದೆ ಹೋಗುವವರು ಇದನ್ನು ತಿಳಿದಿರುವುದು ಒಳ್ಳೆಯದು. ಪರಿಚಯದ ವೈದ್ಯರಿಂದ ತಪ್ಪಿಸಿಕೊಳ್ಳಬಯಸುವ ನನ್ನಂಥವರಿಗೆ ಒಂದೇ ಕ್ಲಿನಿಕ್ಕಿನೊಳಗೆ ಬೇರೆ ವೈದ್ಯರನ್ನು ಕಾಣುವ ದಾರಿ ಈಗಲೂ ತೆರೆದಿದೆ, ನೋಂದಣಿ ಕ್ಲಿನಿಕ್ಕಿನ ಹೆಸರಿನಲ್ಲಿ ನಡೆಯುವುದರಿಂದ.

ಇದೆಲ್ಲ ಮೆಡಿಕೇರ್ ಕಾರ್ಡ್ ಇರುವವರ ಮಾತು. ಕೆಲಸದ ತಾತ್ಕಾಲಿಕ ವೀಸಾದಲ್ಲಿ ಬಂದು ನಮ್ಮ ಬೀದಿಯಲ್ಲೇ ಇರುವ ಮಂಗಳೂರಿನ ಗೆಳೆಯರೊಬ್ಬರು ನಿದ್ದೆಗೆಟ್ಟು ತಿಂಗಳುಗಳಾದ ಮೇಲೆ ನನ್ನನ್ನು ಕೇಳಿದರು. ಬ್ರಿಟನ್, ಇಟಲಿ ಮುಂತಾದ ಕೆಲವು ದೇಶಗಳೊಂದಿಗೆ ಇರುವ ಪರಸ್ಪರ ಆರೋಗ್ಯ ಒಪ್ಪಂದ ಭಾರತದೊಂದಿಗೆ ಇಲ್ಲವಾದ್ದರಿಂದ ಅವರಿಗೆ ಈ ನೆರವು ಸಿಗುವುದಿಲ್ಲ. ಭೇಟಿಗೆ ಬಂದ ತಂದೆತಾಯಿಗಳಿಗೂ ಸಿಗುವುದಿಲ್ಲ. ಗೆಳೆಯರ ಕಂಪನಿಯಲ್ಲಿ ಇಎಪಿ, ಅಂದರೆ ನೌಕರರಿಗೆ ನೆರವು ನೀಡುವ 'ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ', ಇದೆಯೇ ಎಂದು ವಿಚಾರಿಸಲು ಹೇಳಿದೆ, ಏಕೆಂದರೆ ಹಲವು ಉದ್ಯೋಗದಾತರು ನೌಕರರಿಗೆ ಮತ್ತು ಅವರ ಮನೆಯವರಿಗೆ ಕೆಲವು ಸಮಾಲೋಚನೆಗಳನ್ನು ಉಚಿತವಾಗಿ ಕೊಡಿಸುತ್ತಾರೆ, ಅದಕ್ಕೆ ವೈದ್ಯರ ಪತ್ರವೂ ಬೇಡ. ವಿಶ್ವವಿದ್ಯಾಲಯಗಳ ಸೈಕಾಲಜಿ ಕ್ಲಿನಿಕ್‌ಗಳಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ತರಬೇತಿಯಲ್ಲಿರುವವರು ಕಡಿಮೆ ಶುಲ್ಕಕ್ಕೆ ನೋಡುತ್ತಾರೆಂಬುದನ್ನೂ ತಿಳಿಸಿದೆ. ರಾತ್ರಿ ತೀರಾ ಸಂಕಟವಾದರೆ ವೀಸಾ ಯಾವುದೆಂದು ಕೇಳದೆ ಮಾತಾಡುವ ಲೈಫ್‌ಲೈನ್‌ನ 13 11 14 ಸಂಖ್ಯೆಯನ್ನು ಬರೆದುಕೊಟ್ಟೆ. ಕಂಪನಿಯಲ್ಲಿ ಇಎಪಿ ಇತ್ತು, ಸೇರಿದ ದಿನ ಕೊಟ್ಟ ಕಾಗದಗಳ ನಡುವೆ ಅದರ ಫೋನ್ ಸಂಖ್ಯೆಯೂ ಇತ್ತು. ಮೊದಲ ಭೇಟಿಗೆ ಮುಂದಿನ ಗುರುವಾರ ಸಂಜೆಯ ಸಮಯ ಸಿಕ್ಕಿದೆಯೆಂದು ನಿನ್ನೆ ತಿಳಿಸಿದರು.